ರೂಟ್ ಮತ್ತು ಜೈಲ್‌ಬ್ರೇಕ್ ಪತ್ತೆಯನ್ನು ದಾಟುವುದು: ಆ್ಯಪ್ ಪರೀಕ್ಷಕರು ಯಾವ ದಾರಿಯನ್ನು ಯಾವಾಗ ಹಿಡಿಯಬೇಕು

ಬಳ್ಳಾರಿಯಲ್ಲಿದ್ದುಕೊಂಡು ಮೊಬೈಲ್ ಆ್ಯಪ್‌ಗಳ ಭದ್ರತಾ ಪರೀಕ್ಷೆ ನಡೆಸುವ ನಮ್ಮ ಸಣ್ಣ ತಂಡಕ್ಕೆ ಬರುವ ಕೆಲಸದಲ್ಲಿ ಹೆಚ್ಚಿನದು ಪತ್ತಿನ ಸಹಕಾರ ಸಂಘಗಳದು, ಬೀಜ-ಗೊಬ್ಬರದ ವ್ಯಾಪಾರಿಗಳದು, ಗಂಗಾವತಿ ಮತ್ತು ಸಿಂಧನೂರು ಕಡೆಯ ಅಕ್ಕಿ ಗಿರಣಿಗಳ ಲೆಕ್ಕ ನೋಡುವ ಆ್ಯಪ್‌ಗಳದು. ಸಾಮಾನ್ಯ ಬಳಕೆದಾರರಿಗೆ ಕೊಡದ ಪೂರ್ಣ ಅಧಿಕಾರವನ್ನು ಫೋನಿನ ಮೇಲೆ ಪಡೆಯುವುದಕ್ಕೆ ಆಂಡ್ರಾಯ್ಡ್‌ನಲ್ಲಿ ರೂಟ್ ಎಂದೂ ಐಫೋನಿನಲ್ಲಿ ಜೈಲ್‌ಬ್ರೇಕ್ ಎಂದೂ ಹೆಸರು. ಇಂಥ ಆ್ಯಪ್‌ಗಳಲ್ಲೂ ಈಗ ರೂಟ್ ಪತ್ತೆ ಸಾಮಾನ್ಯವಾಗಿದೆ. ರೂಟ್ ಮಾಡಿದ ಆಂಡ್ರಾಯ್ಡ್ ಫೋನಿನಲ್ಲಾಗಲಿ, ಜೈಲ್‌ಬ್ರೇಕ್ ಆದ ಐಫೋನಿನಲ್ಲಾಗಲಿ ತೆರೆದ ಕೂಡಲೇ ‘ಈ ಸಾಧನ ಸುರಕ್ಷಿತವಲ್ಲ’ ಎಂದು ತೋರಿಸಿ ಆ್ಯಪ್ ಮುಚ್ಚಿಕೊಳ್ಳುತ್ತದೆ. ಪರೀಕ್ಷಕನಿಗಾದರೋ ಆ್ಯಪ್ ತನ್ನ ಖಾಸಗಿ ಫೋಲ್ಡರಿನಲ್ಲಿ ಏನನ್ನು ಬರೆದಿಡುತ್ತದೆ, ಪಿನ್ ಸಂಖ್ಯೆಯನ್ನು ಹೇಗೆ ಕಾಪಾಡುತ್ತದೆ, ಸರ್ವರ್‌ಗೆ ಏನನ್ನು ಕಳುಹಿಸುತ್ತದೆ ಎಂಬುದನ್ನು ನೋಡಲು ಅಂಥ ಫೋನೇ ಬೇಕು. ಆದ್ದರಿಂದ ಕೆಲಸದ ಮೊದಲ ದಿನವೇ ಎದುರಾಗುವ ಬಾಗಿಲು ಇದು.

ರಾಯಚೂರು ಜಿಲ್ಲೆಯ ಒಂದು ಪತ್ತಿನ ಸಂಘದ ಆ್ಯಪನ್ನು ಪರೀಕ್ಷಿಸಲು ನಮಗೆ ಐದು ದಿನ ಸಿಕ್ಕಿದ್ದವು. ಅದರಲ್ಲಿ ಮೂರು ದಿನ ರೂಟ್ ಪತ್ತೆಯನ್ನು ದಾಟುವುದಕ್ಕೇ ಹೋಯಿತು. ಸರ್ವರ್‌ಗೆ ಹೋಗುವ ಕೋರಿಕೆಯಲ್ಲಿ ಸದಸ್ಯರ ಸಂಖ್ಯೆಯನ್ನು ಬದಲಿಸಿದರೆ ಬೇರೆಯವರ ಪಾಸ್‌ಬುಕ್ ತೆರೆದುಕೊಳ್ಳುತ್ತದೆ ಎಂಬ ದೋಷ ಕಣ್ಣಿಗೆ ಬಿದ್ದದ್ದು ಐದನೆಯ ದಿನದ ಸಂಜೆ. ಆ ದೋಷಕ್ಕೂ ರೂಟ್‌ಗೂ ಯಾವ ಸಂಬಂಧವೂ ಇರಲಿಲ್ಲ. ಇನ್ನೊಂದು ದಿನ ಕೈಯಲ್ಲಿದ್ದಿದ್ದರೆ ಅದರ ಜೊತೆಗಿರಬಹುದಾದ ದೋಷಗಳನ್ನೂ ಹುಡುಕಬಹುದಿತ್ತು. ದಾಟುವ ದಾರಿಗಳನ್ನು ಹೋಲಿಸುವ ಮೊದಲು ‘ನಾನು ಯಾಕೆ ದಾಟುತ್ತಿದ್ದೇನೆ’ ಎಂದು ಕೇಳಿಕೊಳ್ಳಬೇಕು ಎಂಬುದನ್ನು ನಾನು ಕಲಿತದ್ದು ಆಗ.

ಎರಡು ಬೇರೆ ಪ್ರಶ್ನೆಗಳು

ಗ್ರಾಹಕರು ‘ಆ್ಯಪನ್ನು ಪರೀಕ್ಷಿಸಿ ಕೊಡಿ’ ಎಂದಾಗ ಅದರೊಳಗೆ ಎರಡು ಪ್ರಶ್ನೆಗಳು ಬೆರೆತಿರುತ್ತವೆ. ಆ್ಯಪಿನ ಒಳಗೆ, ಅದರ ಸರ್ವರ್‌ನಲ್ಲಿ ದೋಷಗಳಿವೆಯೇ ಎಂಬುದು ಒಂದು. ಹಾಕಿರುವ ರೂಟ್ ಪತ್ತೆ ಎಷ್ಟು ಗಟ್ಟಿ ಎಂಬುದು ಇನ್ನೊಂದು. ತಂತ್ರಾಂಶ ಭದ್ರತೆಗಾಗಿ ದುಡಿಯುವ ಓವಾಸ್ಪ್ ಸಂಸ್ಥೆಯ ಮೊಬೈಲ್ ಆ್ಯಪ್ ಭದ್ರತಾ ಮಾನದಂಡವೂ ಇವನ್ನು ಬೇರೆಯಾಗಿಯೇ ನೋಡುತ್ತದೆ. 2023ರಲ್ಲಿ ಬಂದ ಅದರ ಎರಡನೆಯ ಆವೃತ್ತಿಯಲ್ಲಿ ದತ್ತಾಂಶ ಸಂಗ್ರಹ, ಗೂಢಲಿಪೀಕರಣ, ದೃಢೀಕರಣ, ಜಾಲ ಸಂವಹನ ಮುಂತಾದವು ಒಂದೊಂದು ವಿಭಾಗವಾದರೆ, ಸಾಧನದ ಸಮಗ್ರತೆಯನ್ನು ನೋಡಿಕೊಳ್ಳುವುದು, ಆ್ಯಪನ್ನು ತಿದ್ದಿದರೆ ಗುರುತಿಸುವುದು, ಒಳಹೊಕ್ಕು ನೋಡುವ ಸಾಧನಗಳನ್ನು ತಡೆಯುವುದು ಇವೆಲ್ಲ ‘ರೆಸಿಲಿಯನ್ಸ್’ ಎಂಬ ಪ್ರತ್ಯೇಕ ವಿಭಾಗದಲ್ಲಿವೆ. ಆ ವಿಭಾಗದ ನಿಯಂತ್ರಣಗಳು ಉಳಿದವುಗಳ ಮೇಲೆ ಹೊದಿಸುವ ಹೆಚ್ಚುವರಿ ಪದರವೇ ಹೊರತು ಅವುಗಳ ಬದಲಿಯಲ್ಲ.

ಮೊದಲ ಪ್ರಶ್ನೆಗಷ್ಟೇ ಉತ್ತರ ಬೇಕಿದ್ದರೆ ದಾಟುವ ಗೊಡವೆಯೇ ಬೇಡ. ಪತ್ತೆಯನ್ನು ನಿಷ್ಕ್ರಿಯಗೊಳಿಸಿದ ಒಂದು ಪರೀಕ್ಷಾ ಆವೃತ್ತಿಯನ್ನು ಆ್ಯಪ್ ಕಟ್ಟಿದವರಿಂದಲೇ ಕೇಳಿ ಪಡೆಯುವುದು ಎಲ್ಲಕ್ಕಿಂತ ಅಗ್ಗದ ಮತ್ತು ಎಲ್ಲಕ್ಕಿಂತ ಪ್ರಾಮಾಣಿಕವಾದ ದಾರಿ. ಇದನ್ನು ಕೇಳಿದರೆ ಪರೀಕ್ಷಕನಿಗೆ ಕೈಲಾಗುವುದಿಲ್ಲ ಎಂದುಕೊಂಡಾರು ಎಂಬ ಸಂಕೋಚ ನಮ್ಮ ಕಡೆಯ ಹೊಸ ಹುಡುಗರಲ್ಲಿ ನಾನು ಕಂಡಿದ್ದೇನೆ. ಆ ಸಂಕೋಚಕ್ಕೆ ಬೆಲೆ ತೆರುವವರು ಗ್ರಾಹಕರು. ದಿನಗಳ ಲೆಕ್ಕದಲ್ಲಿ ಹಣ ಕೊಡುವ ಸಣ್ಣ ಸಂಘವೊಂದು ತನ್ನದೇ ಬೀಗವನ್ನು ಒಡೆಸುವುದಕ್ಕೆ ಅರ್ಧ ಹಣವನ್ನು ಖರ್ಚು ಮಾಡಿದರೆ, ಬೀಗದ ಹಿಂದಿನ ಪೆಟ್ಟಿಗೆಯನ್ನು ನೋಡಲು ಯಾರಿಗೂ ಹೊತ್ತಿರುವುದಿಲ್ಲ. ಈ ದಾರಿಯಲ್ಲಿ ಒಂದು ಎಚ್ಚರಿಕೆ ಮಾತ್ರ ಬೇಕು: ಪರೀಕ್ಷಾ ಆವೃತ್ತಿಗೂ ಜನರ ಕೈಗೆ ಹೋಗುವ ಆವೃತ್ತಿಗೂ ಪತ್ತೆಯೊಂದನ್ನು ಬಿಟ್ಟು ಬೇರೆ ವ್ಯತ್ಯಾಸವಿಲ್ಲ ಎಂದು ಕಟ್ಟಿದವರಿಂದ ಬರೆಸಿಕೊಳ್ಳಬೇಕು, ಕೊನೆಗೆ ಕಂಡ ದೋಷಗಳನ್ನು ಮೂಲ ಆವೃತ್ತಿಯಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಬೇಕು.

ಅನುಮತಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ, ಆದರೆ ಬಿಡುವಂತೆಯೂ ಇಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಮಾಲೀಕರ ಅನುಮತಿಯಿಲ್ಲದೆ ಗಣಕ ವ್ಯವಸ್ಥೆಯನ್ನು ಪ್ರವೇಶಿಸುವುದನ್ನು ತಪ್ಪೆಂದು ಹೇಳುತ್ತದೆ. ಅದನ್ನೇ ದುರುದ್ದೇಶದಿಂದ ಮಾಡಿದರೆ 66ನೇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಯಾವ ಆ್ಯಪ್, ಯಾವ ಸರ್ವರ್, ಯಾವ ದಿನಾಂಕಗಳು, ಯಾವ ಪರೀಕ್ಷಾ ಖಾತೆಗಳು ಎಂಬುದನ್ನು ಹೆಸರಿಸಿದ ಲಿಖಿತ ಒಪ್ಪಿಗೆ ಕೈಯಲ್ಲಿಲ್ಲದೆ ಮುಂದೆ ಹೇಳುವ ಯಾವ ದಾರಿಯನ್ನೂ ಹಿಡಿಯಬಾರದು. ಪರಿಚಿತರ ಬ್ಯಾಂಕ್ ಆ್ಯಪನ್ನು ಅಭ್ಯಾಸಕ್ಕೆಂದು ಮುಟ್ಟುವುದಂತೂ ಬೇಡವೇ ಬೇಡ. ಅಭ್ಯಾಸಕ್ಕಾಗಿ ಓವಾಸ್ಪ್‌ನವರೇ ‘ಅನ್‌ಕ್ರ್ಯಾಕಬಲ್’ ಎಂಬ ಆ್ಯಪ್‌ಗಳನ್ನು ಮಾಡಿಟ್ಟಿದ್ದಾರೆ.

ಪತ್ತೆ ಎಲ್ಲಿ ನಡೆಯುತ್ತದೆ ಎಂಬುದೇ ಆಯ್ಕೆಯ ಆಧಾರ

ಎರಡನೆಯ ಪ್ರಶ್ನೆಗೆ ಉತ್ತರ ಬೇಕಾದಾಗ, ಇಲ್ಲವೇ ಪರೀಕ್ಷಾ ಆವೃತ್ತಿ ಸಿಗದಿದ್ದಾಗ ದಾಟಲೇಬೇಕಾಗುತ್ತದೆ. ಯಾವ ಸಾಧನ ಉತ್ತಮ ಎಂದು ಕೇಳುವವರು ಬಹಳ. ನನ್ನ ಅನುಭವದಲ್ಲಿ ಸಾಧನಕ್ಕಿಂತ ಮೊದಲು ತಿಳಿಯಬೇಕಾದದ್ದು ಪತ್ತೆಯ ಕೆಲಸ ಎಲ್ಲಿ ನಡೆಯುತ್ತದೆ ಎಂಬುದು.

ಆಂಡ್ರಾಯ್ಡ್‌ನಲ್ಲಿ ಅತಿ ಸಾಮಾನ್ಯವಾದದ್ದು ಜಾವಾ ಅಥವಾ ಕೋಟ್ಲಿನ್ ಸಂಕೇತದಲ್ಲಿ ಬರೆದ ಪತ್ತೆ. ರೂಟ್ ಅಧಿಕಾರ ಕೊಡುವ ‘ಎಸ್‌ಯು’ ಎಂಬ ಫೈಲು ಪರಿಚಿತ ಜಾಗಗಳಲ್ಲಿದೆಯೇ, ರೂಟ್ ಮಾಡಲು ಬಳಸುವ ಮ್ಯಾಜಿಸ್ಕ್‌ನಂಥ ಆ್ಯಪ್ ಸ್ಥಾಪನೆಯಾಗಿದೆಯೇ, ಫೋನಿನ ವ್ಯವಸ್ಥೆ ‘ಟೆಸ್ಟ್-ಕೀಸ್’ ಎಂಬ ಎಲ್ಲರಿಗೂ ಸಿಗುವ ಪರೀಕ್ಷಾ ಕೀಲಿಗಳಿಂದ ಸಹಿಯಾಗಿದೆಯೇ, ಓದಲು ಮಾತ್ರ ಇರಬೇಕಾದ ವಿಭಾಗ ಬರೆಯಲು ತೆರೆದಿದೆಯೇ ಎಂದೆಲ್ಲ ಅದು ನೋಡುತ್ತದೆ. ರೂಟ್‌ಬಿಯರ್ ಎಂಬ ಮುಕ್ತ ಲೈಬ್ರರಿ ಇವುಗಳಲ್ಲಿ ಬಹುಪಾಲನ್ನು ಒಟ್ಟುಗೂಡಿಸಿ ಕೊನೆಗೆ ಹೌದು-ಇಲ್ಲ ಎಂಬ ಒಂದೇ ಉತ್ತರವನ್ನು ಕೊಡುತ್ತದೆ. ಎರಡನೆಯದು ಸಿ ಅಥವಾ ಸಿ++ನಲ್ಲಿ ಬರೆದ ನೇಟಿವ್ ಪತ್ತೆ. ನೋಡುವುದು ಹೆಚ್ಚುಕಡಿಮೆ ಅವೇ ಗುರುತುಗಳನ್ನಾದರೂ ಇದು ಕೆಲವೊಮ್ಮೆ ಲೈಬ್ರರಿಯ ಸಾಮಾನ್ಯ ಫಂಕ್ಷನ್‌ಗಳನ್ನು ಬಿಟ್ಟು ನೇರವಾಗಿ ವ್ಯವಸ್ಥೆಯ ತಿರುಳಾದ ಕರ್ನೆಲ್ಲನ್ನೇ ಕೇಳುತ್ತದೆ, ಆದ್ದರಿಂದ ನಡುವೆ ಕೈ ಹಾಕುವುದು ಕಷ್ಟ. ಮೂರನೆಯದು ಫೋನಿನ ಹೊರಗೆ ತೀರ್ಮಾನವಾಗುವಂಥದ್ದು. ಗೂಗಲ್‌ನ ಪ್ಲೇ ಇಂಟೆಗ್ರಿಟಿ ಇದಕ್ಕೆ ಉದಾಹರಣೆ. ಹಿಂದಿನ ಸೇಫ್ಟಿನೆಟ್‌ನ ಸ್ಥಾನದಲ್ಲಿ ಬಂದದ್ದು ಇದು. ಫೋನಿನ ಬಗ್ಗೆ ಗೂಗಲ್ ಕೊಡುವ ಸಹಿ ಮಾಡಿದ ತೀರ್ಪು ಮೂಲಮಟ್ಟದ, ಸಾಧನಮಟ್ಟದ, ಬಲವಾದ ಸಮಗ್ರತೆ ಎಂಬ ಮೂರು ಹಂತಗಳಲ್ಲಿರುತ್ತದೆ, ಅದನ್ನು ನೋಡಿ ನಿರ್ಧರಿಸುವುದು ಆ್ಯಪ್ ಅಲ್ಲ, ಆ್ಯಪಿನ ಸರ್ವರ್. ಬಲವಾದ ಹಂತದ ತೀರ್ಪಿನ ಹಿಂದೆ ಫೋನಿನ ಯಂತ್ರಾಂಶದೊಳಗಿನ ಕೀಲಿ ಇರುತ್ತದೆ. ಫೋನನ್ನು ಆರಂಭಿಸುವ ತಂತ್ರಾಂಶವಾದ ಬೂಟ್‌ಲೋಡರ್‌ನ ಬೀಗ ತೆರೆದಿರುವುದನ್ನು ಆ ಕೀಲಿಯ ಸಹಿಯೇ ಹೇಳುವುದರಿಂದ ಆಂಡ್ರಾಯ್ಡ್‌ನ ಮಟ್ಟದಲ್ಲಿ ಏನನ್ನು ಮರೆಮಾಚಿದರೂ ಅದು ಸಾಮಾನ್ಯವಾಗಿ ಸರ್ವರ್‌ಗೆ ತಿಳಿಯುತ್ತದೆ.

ಈ ಮೂರರಲ್ಲಿ ಯಾವುದಿದೆ ಎಂದು ತಿಳಿಯಲು ಆಂಡ್ರಾಯ್ಡ್ ಆ್ಯಪಿನ ಫೈಲಾದ ಎಪಿಕೆಯನ್ನು, ಅದರ ಸಂಕೇತವನ್ನು ಬಿಡಿಸಿ ತೋರಿಸುವ ಜಾಡ್‌ಎಕ್ಸ್‌ನಲ್ಲಿ ತೆರೆದು ಒಂದು ಗಂಟೆ ಓದಿದರೆ ಹೆಚ್ಚಿನ ಸಂದರ್ಭದಲ್ಲಿ ಸಾಕು. ಈ ಒಂದು ಗಂಟೆಯನ್ನು ಉಳಿಸಲು ಹೋಗಿ ನಾವು ಆ ಮೂರು ದಿನಗಳನ್ನು ಕಳೆದುಕೊಂಡಿದ್ದೆವು. ಪತ್ತೆ ಇದ್ದದ್ದು ನೇಟಿವ್ ಲೈಬ್ರರಿಯಲ್ಲಿ, ನಾವು ಒಂದರ ಮೇಲೊಂದರಂತೆ ಓಡಿಸುತ್ತಿದ್ದದ್ದು ಜಾವಾ ಮೆಥಡ್‌ಗಳನ್ನಷ್ಟೇ ಬದಲಿಸುವ ಸಿದ್ಧ ಸ್ಕ್ರಿಪ್ಟ್‌ಗಳನ್ನು.

ಆಂಡ್ರಾಯ್ಡ್: ಮ್ಯಾಜಿಸ್ಕ್, ಫ್ರಿಡಾ, ಮರುಕಟ್ಟುವಿಕೆ

ಮ್ಯಾಜಿಸ್ಕ್ 2016ರಿಂದ ಬಳಕೆಯಲ್ಲಿದೆ. ಫೋನಿನ ಸಿಸ್ಟಮ್ ವಿಭಾಗವನ್ನು ಮುಟ್ಟದೆ ಫೋನು ಆರಂಭವಾಗಲು ಬಳಸುವ ಬೂಟ್ ಇಮೇಜನ್ನು ಮಾತ್ರ ತಿದ್ದಿ ರೂಟ್ ಕೊಡುವುದು ಅದರ ವಿಶೇಷ. ಹಿಂದೆ ಅದರಲ್ಲಿ ರೂಟನ್ನು ಮರೆಮಾಚುವ ಮ್ಯಾಜಿಸ್ಕ್-ಹೈಡ್ ಎಂಬ ಸೌಲಭ್ಯವಿತ್ತು. 2022ರ ಜನವರಿಯಲ್ಲಿ ಬಂದ 24ನೇ ಆವೃತ್ತಿಯಿಂದ ಅದು ಹೋಗಿ, ಆ್ಯಪ್‌ಗಳ ಪ್ರಕ್ರಿಯೆಯೊಳಗೆ ಸಂಕೇತ ಓಡಿಸುವ ಝೈಗಿಸ್ಕ್ ಮತ್ತು ಡಿನೈಲಿಸ್ಟ್ ಬಂದವು. ಡಿನೈಲಿಸ್ಟ್‌ಗೆ ಸೇರಿಸಿದ ಆ್ಯಪಿನ ಪ್ರಕ್ರಿಯೆಗೆ ಮ್ಯಾಜಿಸ್ಕ್ ತನ್ನ ಬದಲಾವಣೆಗಳು ಕಾಣದಂತೆ ಹಿಂತೆಗೆದುಕೊಳ್ಳುತ್ತದೆ. ಇದರ ಜೊತೆಗೆ ಮ್ಯಾಜಿಸ್ಕ್ ಆ್ಯಪಿನ ಹೆಸರನ್ನು ಬದಲಿಸಿಟ್ಟರೆ ಮೊದಲ ಬಗೆಯ ಪತ್ತೆಯಲ್ಲಿ ಹೆಚ್ಚಿನವು, ಎರಡನೆಯ ಬಗೆಯಲ್ಲಿ ಸಾಕಷ್ಟು, ಒಂದು ಸಾಲು ಸಂಕೇತವನ್ನೂ ಬರೆಯದೆ ಸುಮ್ಮನಾಗುತ್ತವೆ. ಆ್ಯಪಿನೊಳಗೆ ಏನನ್ನೂ ತೂರಿಸದಿರುವುದರಿಂದ ಆ್ಯಪ್ ತನ್ನ ಸಹಜ ರೀತಿಯಲ್ಲೇ ನಡೆಯುತ್ತದೆ, ದತ್ತಾಂಶ ಸಂಗ್ರಹವನ್ನು ನೋಡುವ ಕೆಲಸಕ್ಕೆ ಇದಕ್ಕಿಂತ ಶಾಂತವಾದ ದಾರಿಯಿಲ್ಲ. ಆದ್ದರಿಂದ ದಾಟಲೇಬೇಕಾದಾಗ ನಾನು ಮೊದಲು ಪ್ರಯತ್ನಿಸುವುದು ಇದನ್ನೇ. ಇದರ ಕೊರತೆ ಏನೆಂದರೆ, ದಾಟಿದರೆ ಯಾಕೆ ದಾಟಿತು, ದಾಟದಿದ್ದರೆ ಯಾವ ಗುರುತಿನಿಂದ ಸಿಕ್ಕಿಬಿದ್ದಿತು ಎಂಬುದು ತಿಳಿಯುವುದಿಲ್ಲ. ಪತ್ತೆ ಎಷ್ಟು ಗಟ್ಟಿ ಎಂಬ ಪ್ರಶ್ನೆಗೆ ವರದಿಯಲ್ಲಿ ಉತ್ತರಿಸಬೇಕಾದವರಿಗೆ ‘ಡಿನೈಲಿಸ್ಟ್‌ಗೆ ಹಾಕಿದೆವು, ತೆರೆಯಿತು’ ಎಂಬ ವಾಕ್ಯ ಸಾಲದು. ಬೂಟ್‌ಲೋಡರ್ ತೆರೆಯುವಾಗ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುವುದರಿಂದ ಪರೀಕ್ಷೆಗೆ ಪ್ರತ್ಯೇಕ ಫೋನು ಬೇಕೆಂಬುದನ್ನೂ ಮರೆಯಬಾರದು.

ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಫ್ರಿಡಾ. ಓಡುತ್ತಿರುವ ಆ್ಯಪಿನ ಪ್ರಕ್ರಿಯೆಯೊಳಗೆ ಒಂದು ಜಾವಾಸ್ಕ್ರಿಪ್ಟ್ ಇಂಜಿನ್ನನ್ನು ಸೇರಿಸಿ, ಜಾವಾ ಮೆಥಡ್ ಆಗಲಿ ನೇಟಿವ್ ಫಂಕ್ಷನ್ ಆಗಲಿ, ಅದಕ್ಕೆ ಹೋಗುವ ಮೌಲ್ಯವನ್ನೂ ಅದರಿಂದ ಬರುವ ಉತ್ತರವನ್ನೂ ನೋಡಲು, ಬದಲಿಸಲು ಇದು ಅವಕಾಶ ಕೊಡುತ್ತದೆ. ಯಾವ ಫೈಲನ್ನು ತೆರೆಯಲು ಆ್ಯಪ್ ಪ್ರಯತ್ನಿಸಿತು, ಯಾವ ಉತ್ತರದ ನಂತರ ಮುಚ್ಚಿಕೊಂಡಿತು ಎಂಬುದನ್ನು ಮೊದಲು ಬರೀ ಗಮನಿಸಿ, ಆಮೇಲೆ ಅಗತ್ಯವಿರುವ ಒಂದೇ ಜಾಗವನ್ನು ಬದಲಿಸುವುದು ಸರಿಯಾದ ಕ್ರಮ. ಫ್ರಿಡಾದ ಮೇಲೆಯೇ ಕಟ್ಟಿದ ಆಬ್ಜೆಕ್ಷನ್‌ನಲ್ಲಿ ರೂಟ್ ಪತ್ತೆಯನ್ನು ನಿಷ್ಕ್ರಿಯಗೊಳಿಸುವ ಸಿದ್ಧ ಆದೇಶವೊಂದಿದೆ. ರೂಟ್‌ಬಿಯರ್‌ನಂಥ ಪರಿಚಿತ ಪತ್ತೆಗೆ ಅದು ಒಂದು ನಿಮಿಷದ ಕೆಲಸ. ಆಬ್ಜೆಕ್ಷನ್ ಸೋತರೆ ಪತ್ತೆ ಗಟ್ಟಿಯಿದೆ ಎಂದಾಗಲಿ, ಗೆದ್ದರೆ ಕೆಲಸ ಮುಗಿಯಿತೆಂದಾಗಲಿ ತಿಳಿಯಬಾರದು. ಅದು ಬೀಗಕ್ಕೆ ಪರಿಚಿತ ಕೀಲಿಗಳ ಗೊಂಚಲನ್ನು ಹಾಕಿ ನೋಡಿದಂತೆ, ಅಷ್ಟೆ.

ಫ್ರಿಡಾದಲ್ಲಿ ಎರಡು ತೊಡಕುಗಳಿವೆ. ಗಟ್ಟಿಯಾಗಿ ಕಟ್ಟಿದ ಆ್ಯಪ್‌ಗಳು ರೂಟ್ ಜೊತೆಗೆ ಫ್ರಿಡಾವನ್ನೂ ಹುಡುಕುತ್ತವೆ. ಅದರ ಸರ್ವರ್ ಸಾಮಾನ್ಯವಾಗಿ ಬಳಸುವ 27042ನೇ ಪೋರ್ಟ್ ತೆರೆದಿದೆಯೇ, ಪ್ರಕ್ರಿಯೆಯ ಸ್ಮೃತಿಯ ನಕ್ಷೆಯಲ್ಲಿ ಅದರ ಹೆಸರಿದೆಯೇ ಎಂದು ನೋಡುತ್ತವೆ. ಆಗ ರೂಟ್ ಪತ್ತೆಗೆ ಸಿಕ್ಕಿದೆವೋ ಫ್ರಿಡಾ ಪತ್ತೆಗೆ ಸಿಕ್ಕಿದೆವೋ ಎಂಬ ಗೊಂದಲ ಹುಟ್ಟುತ್ತದೆ. ಫ್ರಿಡಾ ಇಲ್ಲದೆ, ಡಿನೈಲಿಸ್ಟ್ ಮಾತ್ರ ಹಾಕಿ ಒಮ್ಮೆ ತೆರೆದು ನೋಡಿದರೆ ಈ ಗೊಂದಲ ಬಗೆಹರಿಯುತ್ತದೆ, ಎರಡೂ ದಾರಿಗಳು ಕೈಯಲ್ಲಿರಬೇಕೆಂದು ನಾನು ಹೇಳುವುದು ಇದಕ್ಕಾಗಿ. ಎರಡನೆಯ ತೊಡಕು ಆವೃತ್ತಿಗಳದು. ಫೋನಿನಲ್ಲಿರುವ ಸರ್ವರ್ ಮತ್ತು ಕಂಪ್ಯೂಟರಿನಲ್ಲಿರುವ ಉಪಕರಣ ಒಂದೇ ಆವೃತ್ತಿಯವಾಗಿರಬೇಕು. 2025ರ ಮೇ ತಿಂಗಳಲ್ಲಿ ಬಂದ 17ನೇ ಆವೃತ್ತಿಯಲ್ಲಿ ಜಾವಾ ಮತ್ತು ಆಬ್ಜೆಕ್ಟಿವ್-ಸಿ ಸೇತುವೆಗಳನ್ನು ಮೂಲದಿಂದ ಬೇರ್ಪಡಿಸಿದ್ದರಿಂದ, ಹಳೆಯ ಆವೃತ್ತಿಗೆಂದು ಬರೆದ ಅನೇಕ ಸಾಧನಗಳು ಹಾಗೆಯೇ ಓಡುವುದಿಲ್ಲ. ಅಂತರ್ಜಾಲದಲ್ಲಿ ಸಿಕ್ಕ ಸ್ಕ್ರಿಪ್ಟ್ ಕೆಲಸ ಮಾಡದಿದ್ದಾಗ ಪತ್ತೆಯನ್ನು ದೂರುವ ಮೊದಲು ಇದನ್ನು ನೋಡಿಕೊಳ್ಳಬೇಕು.

ಮೂರನೆಯ ದಾರಿ ಆ್ಯಪನ್ನೇ ಬಿಚ್ಚಿ, ಪತ್ತೆಯ ಭಾಗವನ್ನು ತಿದ್ದಿ, ಮತ್ತೆ ಕಟ್ಟಿ, ನಮ್ಮದೇ ಸಹಿ ಹಾಕಿ ಸ್ಥಾಪಿಸುವುದು. ಅಥವಾ ತಿದ್ದುವ ಬದಲು ಲೈಬ್ರರಿ ರೂಪದ ಫ್ರಿಡಾವಾದ ಗ್ಯಾಜೆಟ್ಟನ್ನು ಒಳಗಿಟ್ಟು ಕಟ್ಟುವುದು. ರೂಟ್ ಆದ ಫೋನೇ ಇಲ್ಲದವರಿಗೆ ಇದೊಂದು ಆಸರೆ, ಏಕೆಂದರೆ ಗ್ಯಾಜೆಟ್ ಒಳಗಿದ್ದರೆ ರೂಟ್ ಬೇಕಿಲ್ಲ. ಆದರೆ ಸಹಿ ಬದಲಾಗುವುದರಿಂದ ಹೊಸ ತೊಂದರೆಗಳು ಎದ್ದು ಬರುತ್ತವೆ: ಆ್ಯಪ್ ತನ್ನ ಸಹಿಯನ್ನು ತಾನೇ ನೋಡಿಕೊಂಡರೆ ತೆರೆಯುವುದಿಲ್ಲ, ಸಹಿಗೆ ಕಟ್ಟಿಹಾಕಿದ ಗೂಗಲ್ ಲಾಗಿನ್ ಮತ್ತು ನಕ್ಷೆಗಳು ನಿಲ್ಲುತ್ತವೆ, ಪ್ಲೇ ಇಂಟೆಗ್ರಿಟಿ ಇದನ್ನು ಗುರುತಿಸದ ಆ್ಯಪ್ ಎಂದು ಹೇಳುತ್ತದೆ. ಪ್ಲೇ ಸ್ಟೋರಿನಿಂದ ಬರುವ ಆ್ಯಪ್‌ಗಳು ಈಗ ಹಲವು ತುಂಡುಗಳಾಗಿ ಬರುವುದರಿಂದ ಎಲ್ಲವನ್ನೂ ಸೇರಿಸಿ ಕಟ್ಟುವ ಕೆಲಸವೂ ಹೆಚ್ಚಾಗಿದೆ. ಆ್ಯಪನ್ನು ತಿದ್ದಿದರೆ ಅದು ಗುರುತಿಸುತ್ತದೆಯೇ ಎಂಬುದೇ ಪರೀಕ್ಷೆಯ ಪ್ರಶ್ನೆಯಾಗಿದ್ದಾಗ ಮಾತ್ರ ನಾನು ಈ ದಾರಿಯನ್ನು ಹಿಡಿಯುತ್ತೇನೆ.

ಕಂಪ್ಯೂಟರಿನಲ್ಲೇ ಫೋನಿನಂತೆ ನಡೆಯುವ ಎಮ್ಯುಲೇಟರ್ ಬಗ್ಗೆ ಎರಡು ಮಾತು ಸಾಕು. ಪ್ಲೇ ಸ್ಟೋರ್ ಇಲ್ಲದ ಗೂಗಲ್ ಇಮೇಜ್‌ಗಳಲ್ಲಿ ರೂಟ್ ಸುಲಭವಾಗಿ ಸಿಗುತ್ತದೆ, ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಖರ್ಚಿಲ್ಲದೆ ಕಲಿಯಲು ಇದು ಸಾಕು. ಹಣಕಾಸಿನ ಆ್ಯಪ್‌ಗಳು ಎಮ್ಯುಲೇಟರನ್ನೇ ಬೇರೆಯಾಗಿ ಪತ್ತೆ ಮಾಡುವುದರಿಂದ ಒಂದು ಬೀಗದ ಬದಲು ಎರಡು ಎದುರಾಗುತ್ತವೆ.

ಇನ್ನು ಸರ್ವರ್‌ನಲ್ಲಿ ತೀರ್ಮಾನವಾಗುವ ಮೂರನೆಯ ಬಗೆಗೆ ಇವುಗಳಲ್ಲಿ ಯಾವುದೂ ನೆಚ್ಚಿಕೊಳ್ಳುವಂಥ ಉತ್ತರವಲ್ಲ. ಗೂಗಲ್‌ನ ತೀರ್ಪನ್ನು ತಪ್ಪಿಸುವ ಉಪಾಯಗಳ ಹಿಂದೆ ಬೀಳುವುದು ಗ್ರಾಹಕರ ದಿನಗಳನ್ನು ಹಾಳು ಮಾಡಿದಂತೆಯೇ ಎಂದು ನಾನು ನಂಬಿದ್ದೇನೆ. ಅದರ ಬದಲು ನೋಡಬೇಕಾದದ್ದು ಬೇರೆ: ತೀರ್ಪನ್ನು ನಿಜವಾಗಿಯೂ ಸರ್ವರ್ ನೋಡುತ್ತಿದೆಯೇ, ಅಥವಾ ಆ್ಯಪ್ ತಾನೇ ಓದಿಕೊಂಡು ‘ಸರಿ ಇದೆ’ ಎಂದು ಸರ್ವರ್‌ಗೆ ಹೇಳುತ್ತಿದೆಯೇ? ನಿನ್ನೆಯ ತೀರ್ಪನ್ನು ಇಂದು ಮತ್ತೆ ಕಳುಹಿಸಿದರೆ ಸರ್ವರ್ ಒಪ್ಪುತ್ತದೆಯೇ? ತೀರ್ಪೇ ಇಲ್ಲದ ಕೋರಿಕೆಯನ್ನು ತಿರಸ್ಕರಿಸುತ್ತದೆಯೇ? ಸೇವೆಯನ್ನು ಜೋಡಿಸಿ, ಉತ್ತರವನ್ನು ಸರ್ವರ್‌ನಲ್ಲಿ ಪರಿಶೀಲಿಸದೆ ಬಿಟ್ಟ ಆ್ಯಪನ್ನು ನಾವು ಕಂಡಿದ್ದೇವೆ, ಅದನ್ನು ಕಂಡುಹಿಡಿಯಲು ರೂಟ್ ಆದ ಫೋನು ಕೂಡ ಬೇಕಾಗಲಿಲ್ಲ.

ಐಫೋನ್: ಮೊದಲು ಯಾವ ಫೋನು ಎಂಬ ಪ್ರಶ್ನೆ

ಐಫೋನಿನಲ್ಲಿ ದಾಟುವ ಸಾಧನಕ್ಕಿಂತ ಜೈಲ್‌ಬ್ರೇಕ್ ಆಗಬಲ್ಲ ಫೋನು ಸಿಗುವುದೇ ದೊಡ್ಡದು. 2019ರ ಸೆಪ್ಟೆಂಬರಿನಲ್ಲಿ ಬಹಿರಂಗವಾದ ಚೆಕ್‌ಮೇಟ್ ದೋಷ ಎ5ರಿಂದ ಎ11ರವರೆಗಿನ ಚಿಪ್‌ಗಳ ಬೂಟ್‌ರಾಮ್‌ನಲ್ಲಿ, ಅಂದರೆ ಕಾರ್ಖಾನೆಯಲ್ಲೇ ಚಿಪ್‌ಗೆ ಬರೆದಿಟ್ಟ ಆರಂಭದ ಸಂಕೇತದಲ್ಲಿ, ಇದೆ. ಯಂತ್ರಾಂಶದಲ್ಲೇ ಇರುವುದರಿಂದ ಯಾವ ಅಪ್‌ಡೇಟ್‌ನಿಂದಲೂ ಅದು ಮುಚ್ಚಿಹೋಗುವುದಿಲ್ಲ. ಆದ್ದರಿಂದ ಐಫೋನ್ 7, 8 ಮತ್ತು ಎಕ್ಸ್ ಇಂದಿಗೂ ಪರೀಕ್ಷಕರಿಗೆ ಬೆಲೆಯುಳ್ಳವು. ಪಲೆರೈನ್ ಎಂಬ ಜೈಲ್‌ಬ್ರೇಕ್ ಸಾಧನ ಈ ದೋಷವನ್ನೇ ಬಳಸಿ ಐಓಎಸ್ 15 ಮತ್ತು ಅದರ ನಂತರದವುಗಳಲ್ಲಿ ಕೆಲಸ ಮಾಡುತ್ತದೆ. ಹೊಸ ಚಿಪ್‌ಗಳಿರುವ ಫೋನುಗಳಿಗೆ ಡೋಪಮೈನ್ ಇದೆ, ಆದರೆ ಅದು ಐಓಎಸ್ 15 ಮತ್ತು 16ರ ಕೆಲವು ಆವೃತ್ತಿಗಳಿಗೆ ಮಾತ್ರ; ಅಂಗಡಿಯಲ್ಲಿ ಕೊಂಡ ಹೊಸ ಫೋನು ಅಷ್ಟು ಹಳೆಯ ಆವೃತ್ತಿಯಲ್ಲಿರುವುದಿಲ್ಲ.

8 ಮತ್ತು ಎಕ್ಸ್‌ಗಿಂತ 7 ನಮಗೆ ಹೆಚ್ಚು ಒದಗಿದ್ದಕ್ಕೆ ಕಾರಣವಿದೆ. 8 ಮತ್ತು ಎಕ್ಸ್‌ನಲ್ಲಿರುವ ಎ11 ಚಿಪ್‌ನಲ್ಲಿ ಪಲೆರೈನ್ ಬಳಸಬೇಕಾದರೆ ಫೋನಿನ ಪಾಸ್‌ಕೋಡನ್ನು ತೆಗೆಯಬೇಕು. ಹಣಕಾಸಿನ ಆ್ಯಪ್ ‘ಪಾಸ್‌ಕೋಡ್ ಇದ್ದರೆ ಮಾತ್ರ’ ಎಂಬ ಷರತ್ತಿನಲ್ಲಿ ಐಫೋನಿನ ಗುಪ್ತ ಮಾಹಿತಿಯ ಭಂಡಾರವಾದ ಕೀಚೈನ್‌ಗೆ ಏನನ್ನಾದರೂ ಬರೆಯುವುದಿದ್ದರೆ, ಅಥವಾ ಬೆರಳಚ್ಚಿನ ಲಾಗಿನ್ ಇದ್ದರೆ, ಆ ಭಾಗವನ್ನು ಅಂಥ ಫೋನಿನಲ್ಲಿ ಪರೀಕ್ಷಿಸಲಾಗುವುದೇ ಇಲ್ಲ. ಎ10 ಚಿಪ್‌ನ 7ರಲ್ಲಿ ಈ ತೊಡಕಿಲ್ಲ, ಆದರೆ ಅದು ಐಓಎಸ್ 15ರಲ್ಲೇ ನಿಲ್ಲುತ್ತದೆ. ಆ್ಯಪ್‌ಗೆ 16 ಬೇಕೆಂದರೆ ಅದು ಮೂಲೆಗೆ. ಪಲೆರೈನ್‌ನ ಜೈಲ್‌ಬ್ರೇಕ್ ಫೋನು ಮರುಪ್ರಾರಂಭವಾದರೆ ಹೋಗುತ್ತದೆ, ಮತ್ತೆ ಕಂಪ್ಯೂಟರಿಗೆ ಕೇಬಲ್ ಹಾಕಿ ಮಾಡಬೇಕು. ಬಳ್ಳಾರಿಯ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ, ಸವೆದ ಬ್ಯಾಟರಿಯ ಹಳೆಯ ಫೋನು ಬಿಸಿಯಾಗಿ ತಾನೇ ಆರಿಹೋದರೆ ಅರ್ಧ ಗಂಟೆ ಅದಕ್ಕೆ ಹೋಗುತ್ತದೆ. ಹೊಸ ಬ್ಯಾಟರಿ ಹಾಕಿಸಿಕೊಳ್ಳುವುದು ಇಲ್ಲಿ ಪರೀಕ್ಷೆಯ ಸಿದ್ಧತೆಯ ಭಾಗವೇ.

ಪತ್ತೆಯ ಗುರುತುಗಳು ಆಂಡ್ರಾಯ್ಡ್‌ನಂತೆಯೇ: ಜೈಲ್‌ಬ್ರೇಕ್ ಆದ ಫೋನಿನಲ್ಲಿ ಮಾತ್ರ ಇರುವ ಸಿಡಿಯಾದಂಥ ಆ್ಯಪ್‌ಗಳ ಜಾಗ, ಸಾಮಾನ್ಯ ಆ್ಯಪ್ ಬರೆಯಲಾಗದ ಕಡೆ ಬರೆದು ನೋಡುವುದು, ಹೊಸ ಪ್ರಕ್ರಿಯೆಯನ್ನು ಹುಟ್ಟಿಸಿ ನೋಡುವುದು, ಪ್ರಕ್ರಿಯೆಯೊಳಗೆ ಸೇರಿಕೊಂಡ ಲೈಬ್ರರಿಗಳ ಪಟ್ಟಿ. ವ್ಯವಸ್ಥೆಯ ವಿಭಾಗವನ್ನು ತಿದ್ದದ ಹೊಸ ರೂಟ್‌ಲೆಸ್ ಜೈಲ್‌ಬ್ರೇಕ್‌ಗಳು ತಮ್ಮ ಸಾಮಾನನ್ನು ಬೇರೆ ಫೋಲ್ಡರಿನಲ್ಲಿಡುವುದರಿಂದ ಹಳೆಯ ಪಟ್ಟಿಯನ್ನೇ ನೆಚ್ಚಿದ ಆ್ಯಪ್‌ಗಳು ಯಾವ ಉಪಾಯವೂ ಇಲ್ಲದೆ ತೆರೆದುಕೊಳ್ಳುವುದುಂಟು. ಅದೇ ವರದಿಗೆ ಬರೆಯಬೇಕಾದ ಒಂದು ಅಂಶ. ಶ್ಯಾಡೋದಂಥ ಟ್ವೀಕ್‌ಗಳು, ಅಂದರೆ ಜೈಲ್‌ಬ್ರೇಕ್ ಆದ ಫೋನಿಗೆ ಹಾಕುವ ಸಣ್ಣ ಸೇರ್ಪಡೆಗಳು, ಮ್ಯಾಜಿಸ್ಕ್‌ನ ಡಿನೈಲಿಸ್ಟ್‌ಗೆ ಹೋಲುವ ಕೆಲಸ ಮಾಡುತ್ತವೆ. ಫ್ರಿಡಾ ಇಲ್ಲೂ ಅದೇ ಫ್ರಿಡಾ. ಆದರೆ ಐಫೋನಿನ ವಿಷಯದಲ್ಲಿ ನನ್ನ ಸಲಹೆ ಆಂಡ್ರಾಯ್ಡ್‌ಗಿಂತಲೂ ಸ್ಪಷ್ಟವಾಗಿದೆ. ಡೆವಲಪ್‌ಮೆಂಟ್ ಸಹಿ ಇರುವ ಐಪಿಎಯನ್ನು, ಅಂದರೆ ಐಫೋನ್ ಆ್ಯಪಿನ ಫೈಲನ್ನು, ಗ್ರಾಹಕರಿಂದ ಪಡೆದುಕೊಂಡರೆ ಜೈಲ್‌ಬ್ರೇಕ್ ಇಲ್ಲದ ಹೊಸ ಫೋನಿನಲ್ಲೇ ಫ್ರಿಡಾವನ್ನು ಸೇರಿಸಬಹುದು. ಆಪ್ ಸ್ಟೋರಿನ ಪ್ರತಿಯನ್ನು ಮರುಸಹಿ ಮಾಡಲು ಹೊರಟರೆ ಮೊದಲು ಅದರ ಗೂಢಲಿಪಿಯನ್ನು ಬಿಡಿಸಬೇಕು, ಉಚಿತ ಆಪಲ್ ಖಾತೆಯ ಸಹಿ 7 ದಿನಕ್ಕೆ ಮುಗಿಯುತ್ತದೆ.

ವರದಿಯಲ್ಲಿ, ಮತ್ತು ವರದಿಯ ಆಚೆ

‘ರೂಟ್ ಪತ್ತೆಯನ್ನು ದಾಟಲಾಯಿತು: ಗಂಭೀರ ದೋಷ’ ಎಂದು ಬರೆದ ವರದಿಗಳನ್ನು ನಾನು ನೋಡಿದ್ದೇನೆ, ನನಗೆ ಅದು ಸರಿಯೆನಿಸುವುದಿಲ್ಲ. ಸಂಪೂರ್ಣ ನಿಯಂತ್ರಣ ಕೈಯಲ್ಲಿರುವ ಫೋನಿನಲ್ಲಿ ಸಾಕಷ್ಟು ಸಮಯ ಕೊಟ್ಟರೆ ಫೋನಿನೊಳಗಿನ ಯಾವ ಪತ್ತೆಯನ್ನೂ ದಾಟಬಹುದು. ಬರೆಯಬೇಕಾದದ್ದು ಯಾವ ಸಾಧನದಿಂದ, ಎಷ್ಟು ಹೊತ್ತಿನಲ್ಲಿ, ಎಷ್ಟು ಪರಿಣತಿಯಿಂದ ದಾಟಲಾಯಿತು, ದಾಟಿದ ಮೇಲೆ ಏನು ಕೈಗೆ ಸಿಕ್ಕಿತು ಎಂಬುದನ್ನು. ಸಿದ್ಧ ಆದೇಶಕ್ಕೆ ಒಂದು ನಿಮಿಷದಲ್ಲಿ ಬಿದ್ದದ್ದಕ್ಕೂ, ಪರಿಣತನೊಬ್ಬ ಎರಡು ದಿನ ಸಂಕೇತ ಓದಿ ದಾಟಿದ್ದಕ್ಕೂ ಒಂದೇ ಅಂಕ ಕೊಡಲಾಗದು.

ನಮ್ಮ ಜಿಲ್ಲೆಗಳಲ್ಲಿ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಪತ್ತೆಯನ್ನು ದಾಟಬಹುದೇ ಎಂದು ಪರೀಕ್ಷಿಸುವವರು, ಅದು ಹಿಡಿಯಬಾರದವರನ್ನು ಹಿಡಿಯುತ್ತದೆಯೇ ಎಂದು ನೋಡುವುದೇ ಇಲ್ಲ. ಸೆಕೆಂಡ್ ಹ್ಯಾಂಡ್ ಫೋನುಗಳು, ರಿಪೇರಿ ಅಂಗಡಿಯಲ್ಲಿ ‘ಸಾಫ್ಟ್‌ವೇರ್ ಹಾಕಿಸಿದ’ ಫೋನುಗಳು, ಟೆಸ್ಟ್-ಕೀಸ್ ಸಹಿಯ ವ್ಯವಸ್ಥೆಯೊಂದಿಗೆ ಬಂದ ಅಗ್ಗದ ಫೋನುಗಳು ಇಲ್ಲಿ ಕಡಿಮೆಯಿಲ್ಲ. ಅವುಗಳ ಮಾಲೀಕರಿಗೆ ರೂಟ್ ಎಂಬ ಪದವೇ ಗೊತ್ತಿರುವುದಿಲ್ಲ. ಮೊದಲು ಹೇಳಿದ ಆ ಸಂಘದ ಸದಸ್ಯರಲ್ಲಿ ಕೆಲವರ ಫೋನಿನಲ್ಲಿ ಆ್ಯಪ್ ತೆರೆಯುತ್ತಲೇ ಇರಲಿಲ್ಲ, ಬಾಕಿ ನೋಡಲು ಅವರು ಬಸ್ಸು ಹಿಡಿದು ಶಾಖೆಗೆ ಬರುತ್ತಿದ್ದರು. ಟೆಸ್ಟ್-ಕೀಸ್ ಒಂದರಿಂದಲೇ ಆ್ಯಪ್ ಮುಚ್ಚಿಕೊಳ್ಳಬಾರದೆಂದೂ, ಪತ್ತೆಯ ಫಲಿತಾಂಶ ಸರ್ವರ್‌ಗೆ ಹೋಗಿ ಅಲ್ಲಿ ನಿರ್ಧಾರವಾಗಬೇಕೆಂದೂ, ಸಂಶಯದ ಫೋನಿನಲ್ಲಿ ಖಾತೆ ನೋಡಲು ಬಿಟ್ಟು ಹಣ ವರ್ಗಾವಣೆಯನ್ನು ಮಾತ್ರ ತಡೆಯಬೇಕೆಂದೂ ನಾವು ಬರೆದುಕೊಟ್ಟೆವು. ಪಾಸ್‌ಬುಕ್‌ನ ದೋಷವನ್ನು ಅವರು ಅದೇ ವಾರ ಸರಿಪಡಿಸಿದರು. ಪತ್ತೆಯನ್ನು ಬದಲಿಸಿದ ಆವೃತ್ತಿ ಮರುಪರೀಕ್ಷೆಗೆ ಬಂದಾಗ ನಾವು ಮೇಜಿನ ಮೇಲೆ ಎರಡು ಫೋನುಗಳನ್ನಿಟ್ಟುಕೊಂಡೆವು: ಒಂದು ನಮ್ಮ ಮ್ಯಾಜಿಸ್ಕ್ ಫೋನು, ಇನ್ನೊಂದು ಶಾಖೆಯವರು ಒಬ್ಬ ಸದಸ್ಯರ ಒಪ್ಪಿಗೆ ಪಡೆದು ಎರಡು ದಿನಕ್ಕೆ ಕಳುಹಿಸಿದ, ಆ್ಯಪ್ ಅಲ್ಲಿಯವರೆಗೆ ತೆರೆಯದಿದ್ದ ಫೋನು.